ಚಾರ್ಜರ್ ಮಾರಿದ ಲೆಕ್ಕ

ನಮ್ಮ ಅಂಗಡಿಯ ಗಲ್ಲೆಯ ಮಗ್ಗುಲಲ್ಲಿ ತೇಗದ ಒಂದು ಹಳೆಯ ಹಲಗೆ ಇದೆ. ಅದರ ಮೇಲೆ ಹಿತ್ತಾಳೆಯ ಎರಡು ಪಟ್ಟಿಗಳನ್ನು ಬಡಿದು, ನಡುವೆ ಟಾರ್ಚಿನ ಪುಟ್ಟ ಬಲ್ಬೊಂದನ್ನು ಕೂಡಿಸಲಾಗಿದೆ. ಹುಬ್ಬಳ್ಳಿಯ ದುರ್ಗದ ಬೈಲಿನ ಸಮೀಪ ಟಾರ್ಚು, ಸೆಲ್ಲು, ವಿದ್ಯುತ್ ಸಾಮಾನುಗಳ ಈ ಅಂಗಡಿಯನ್ನು ತೆರೆದ ನಮ್ಮ ತೀರ್ಥರೂಪರು ಅದನ್ನು ಮಾಡಿಸಿದ್ದರು. ಗಿರಾಕಿ ಸೆಲ್ ಕೇಳಿದರೆ ಮೊದಲು ಆ ಪಟ್ಟಿಗಳ ನಡುವೆ ಇಟ್ಟು ಬಲ್ಬು ಹೊತ್ತುವುದನ್ನು ತೋರಿಸುವುದು, ಅನಂತರವೇ ಕೈಗೆ ಕೊಡುವುದು ಅವರ ಪದ್ಧತಿಯಾಗಿತ್ತು. 1981ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಬಿ.ಕಾಂ. ಪದವಿಯನ್ನು ಹಿಡಿದುಕೊಂಡು ನಾನು ಗಾದಿಗೆ ಬಂದು ಕುಳಿತಾಗ ಈ ಹಲಗೆಯನ್ನು ಕಂಡು ಒಳಗೊಳಗೇ ನಕ್ಕದ್ದುಂಟು. ಒಂದೂವರೆ ರೂಪಾಯಿಯ ಮಾಲಿಗೆ ಇಷ್ಟೊಂದು ಉಪಚಾರವೇ ಎನ್ನಿಸುತ್ತಿತ್ತು. ಆದರೂ ಪದ್ಧತಿಯನ್ನು ಬಿಡಲಿಲ್ಲ. ತೋರಿಸಿ ಕೊಟ್ಟ ಮಾಲಿನ ಬಗ್ಗೆ ಯಾರೂ ತಿರುಗಿ ಬಂದು ಜಗಳವಾಡಲಾರರು ಎಂಬ ವ್ಯಾಪಾರದ ಜಾಣತನವಾದರೂ ನನಗೆ ಅರ್ಥವಾಗಿತ್ತು.

ಆದರೆ ಪುನಃ ಪುನಃ ವಿದ್ಯುತ್ ತುಂಬಿಸಿ ಬಳಸುವ ಸೆಲ್ಲುಗಳು ಬಂದ ಮೇಲೆ ಆ ಹಲಗೆಯ ಸಾಕ್ಷ್ಯ ನಡೆಯದಂತಾಯಿತು. ಜೀವ ಹೋಗುತ್ತಿರುವ ಇಂಥ ಸೆಲ್ಲೂ ಎರಡು ನಿಮಿಷದ ಮಟ್ಟಿಗೆ ಬಲ್ಬನ್ನು ಚೆನ್ನಾಗಿಯೇ ಬೆಳಗಿಸುತ್ತದೆ. ಒಳಗೆ ಎಷ್ಟು ಹಿಡಿಸುತ್ತದೆ, ಎಷ್ಟು ದಿನ ಬಾಳುತ್ತದೆ ಎಂಬುದನ್ನು ಬಲ್ಬು ಹೇಳಲಾರದು. ಅದನ್ನು ಹೇಳಬೇಕಾದವನು ಮಾರುವವನು. ಈ ಚಿಕ್ಕ ವ್ಯತ್ಯಾಸವನ್ನು ಗಮನಿಸದೆ ಹೋದದ್ದರಿಂದ ನನ್ನಿಂದ ನಡೆದುಹೋದ ಒಂದು ವ್ಯವಹಾರವನ್ನು ಈ ಪತ್ರಿಕೆಯ ಓದುಗರ ಮುಂದೆ ಇಡಲು ಹೊರಟಿದ್ದೇನೆ. ನಡುವೆ ಚಾರ್ಜರನ್ನು ಆರಿಸುವ ಬಗೆಯ ಕುರಿತು ಕೆಲವು ಮಾತುಗಳು ಬರುತ್ತವೆ. ಮನೆಯಲ್ಲಿ ಇಂಥ ಸೆಲ್ ಬಳಸುವವರಿಗೆ ಅವು ಉಪಯೋಗಕ್ಕೆ ಬಂದಾವು.

2022ರ ದೀಪಾವಳಿಗೆ ಮುಂಚೆ, ಬೇರೆ ಊರಿನ ಸಗಟು ವ್ಯಾಪಾರಿಯೊಬ್ಬರು ಒಂದು ಹೊಸ ಮಾಲನ್ನು ತೋರಿಸಿದರು. ಒಂದು ಚಾರ್ಜರ್, ಅದರೊಂದಿಗೆ ಡಬಲ್ ಎ ಅಳತೆಯ, ಅಂದರೆ ನಾವೆಲ್ಲ ಪೆನ್ಸಿಲ್ ಸೆಲ್ ಎಂದು ಕರೆಯುವ, ನಾಲ್ಕು ಸೆಲ್ಲುಗಳು. ಪೆಟ್ಟಿಗೆಯ ಮೇಲೆ ‘ಫಾಸ್ಟ್ ಚಾರ್ಜರ್’ ಎಂದು ದಪ್ಪಕ್ಷರ. ನಾಲ್ಕೇ ಗಂಟೆಗಳಲ್ಲಿ ಪೂರ್ಣ ಎಂಬ ಭರವಸೆ. ಸೆಲ್ಲಿನ ಮೈಮೇಲೆ 3000 ಎಂಬ ಅಂಕೆ. ನನಗೆ ಬಿದ್ದ ಬೆಲೆ 310 ರೂಪಾಯಿ, ಮುದ್ರಿತ ಬೆಲೆ 899, ನಾನು ಮಾರಿದ್ದು 650ಕ್ಕೆ. ಹೆಸರಾಂತ ಕಂಪೆನಿಯ ನಿಧಾನದ ಚಾರ್ಜರಿನ ಮೇಲೆ ನನಗೆ ದೊರೆಯುತ್ತಿದ್ದ ಲಾಭ ತೊಂಬತ್ತು ರೂಪಾಯಿಯನ್ನು ದಾಟುತ್ತಿರಲಿಲ್ಲ. ಇಲ್ಲಿ ಮುನ್ನೂರ ನಲವತ್ತು. ನಾಲ್ವತ್ತು ಸೆಟ್ಟುಗಳನ್ನು ಬರೆದುಕೊಳ್ಳಲು ಹೇಳಿದೆ. ನಿರ್ಧಾರಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಅದೇ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಒಂದು ಸಂಜೆ, ಬಸದಿಯಲ್ಲಿ ಅಚೌರ್ಯಾಣುವ್ರತದ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡಿ ಶಾಲು ಹೊದೆಸಿಕೊಂಡು ಬಂದಿದ್ದೆ ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ನವೆಂಬರಿನಲ್ಲಿ ಒಬ್ಬ ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟರು ಬಂದರು. ಹಳೆಯ ಗಿರಾಕಿ. ಅವರ ಮನೆಯವರಿಗೆ ಪಾರ್ಶ್ವವಾಯು ಬಡಿದು ಮೂರು ತಿಂಗಳಾಗಿತ್ತು. ದಿನಕ್ಕೆ ಮೂರು ಹೊತ್ತು, ಪ್ರತಿ ಹೊತ್ತಿಗೆ ಎರಡು ಮೂರು ಸಲ, ರಕ್ತದೊತ್ತಡವನ್ನು ಅಳೆದು ಬರೆದಿಡಬೇಕೆಂದು ವೈದ್ಯರು ಹೇಳಿದ್ದರು. ಅವರ ಯಂತ್ರಕ್ಕೆ ನಾಲ್ಕು ಪೆನ್ಸಿಲ್ ಸೆಲ್ಲುಗಳು. ತೋಳಿನ ಪಟ್ಟಿಗೆ ಗಾಳಿ ತುಂಬುವ ಪುಟ್ಟ ಪಂಪು ವಿದ್ಯುತ್ತನ್ನು ಚೆನ್ನಾಗಿಯೇ ಹೀರುವುದರಿಂದ ಸಾಧಾರಣ ಸತುವಿನ ಸೆಲ್ಲುಗಳು ಹದಿನೈದು ದಿನಕ್ಕೆ ಮುಗಿಯುತ್ತಿದ್ದವು. ಗೋಡೆಯ ವಿದ್ಯುತ್ತಿಗೆ ಜೋಡಿಸುವ ಅಡಾಪ್ಟರಿಗೆ ಆ ಯಂತ್ರದಲ್ಲಿ ಜಾಗವಿರಲಿಲ್ಲ. ಪದೇ ಪದೇ ಕೊಳ್ಳುವ ಬದಲು ಚಾರ್ಜ್ ಮಾಡುವ ಸೆಲ್ಲಾದರೆ ಹೇಗೆ ಎಂದು ಅವರು ಕೇಳಿದರು. ಕೇಳಿ, “ನಿಮಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನೇ ಕೊಡಿರಿ” ಎಂದರು.

ಓದುಗರೇ, ವ್ಯಾಪಾರಿಯ ಪಾಲಿಗೆ ಇದಕ್ಕಿಂತ ಕಠಿಣವಾದ ಮಾತು ಇನ್ನೊಂದಿಲ್ಲ. ಬೆಲೆಯನ್ನು ಜಗ್ಗಾಡುವ ಗಿರಾಕಿ ತನ್ನ ಕಾವಲನ್ನು ತಾನೇ ಕಾಯುತ್ತಾನೆ. ನಿಮ್ಮ ಮೇಲೆಯೇ ಬಿಟ್ಟವನ ಕಾವಲು ನಿಮ್ಮದಾಗುತ್ತದೆ. ನನ್ನ ಹಿಂದಿನ ಕಪಾಟಿನಲ್ಲಿ ಎರಡೂ ಇದ್ದವು, ರಾತ್ರಿಯಿಡೀ ಹಿಡಿಯುವ ಹೆಸರಾಂತ ಕಂಪೆನಿಯದು ಮತ್ತು ಈ ಹೊಸದು. ನನ್ನ ಕೈ ಹೊಸದರ ಕಡೆಗೆ ಹೋಯಿತು. “ಸರ್, ಇದು ಫಾಸ್ಟ್. ಸೆಲ್ಲೂ ಮೂರು ಸಾವಿರದವು” ಎಂದೆ. ಮೂರು ಸಾವಿರ ಏನು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ವಿವರಿಸುವಷ್ಟು ನನಗೂ ಆಗ ತಿಳಿದಿರಲಿಲ್ಲ.

2023ರ ಏಪ್ರಿಲಿನಲ್ಲಿ ಅವರು ಮತ್ತೆ ಬಂದು ನಾಲ್ಕು ಸಾದಾ ಸೆಲ್ಲುಗಳನ್ನು ಕೇಳಿದರು. ಚಾರ್ಜರ್ ಏನಾಯಿತು ಎಂದೆ. ಮೊದಲು ಹತ್ತು ದಿನ ನಡೆಯುತ್ತಿತ್ತಂತೆ, ಆಮೇಲೆ ವಾರ, ಈಗ ದಿನ ಬಿಟ್ಟು ದಿನ ಹಾಕಿದರೂ ಮೂರು ನಾಲ್ಕು ಸಲ ಅಳೆಯುವಷ್ಟರಲ್ಲಿ ಯಂತ್ರ ಬ್ಯಾಟರಿಯ ಚಿಹ್ನೆಯನ್ನು ತೋರಿಸಿ ಮಲಗುತ್ತದಂತೆ. ದೂರುವ ದನಿ ಎಳ್ಳಷ್ಟೂ ಇರಲಿಲ್ಲ. “ನನಗೆ ಹಾಕಲಿಕ್ಕೆ ಬರಲಿಲ್ಲ ಅಂತ ಕಾಣತದ, ನಂದೇ ಏನೋ ತಪ್ಪಾಗಿರಬೇಕು” ಎಂದರು. ವೈದ್ಯರಲ್ಲಿಗೆ ಹೋಗುವ ದಾರಿಯಲ್ಲಿ ಬಂದಿದ್ದರಿಂದ ಕೈಯಲ್ಲಿ ನೋಟುಬುಕ್ಕು ಇತ್ತು. ಚಿಲ್ಲರೆ ಎಣಿಸುವಾಗ ಅದನ್ನು ಗಲ್ಲೆಯ ಮೇಲೆ ಇಟ್ಟರು, ನಾನು ತೆರೆದು ನೋಡಿದೆ. ಮೇಷ್ಟರ ಮುತ್ತಿನಂಥ ಅಕ್ಷರ, ಪ್ರತಿ ಪುಟದಲ್ಲೂ ಬೆಳಗು, ಮಧ್ಯಾಹ್ನ, ರಾತ್ರಿ ಎಂದು ಗೆರೆ ಹೊಡೆದ ಮೂರು ಕಂಬಗಳು. ಫೆಬ್ರುವರಿಯಿಂದ ರಾತ್ರಿಯ ಕಂಬದಲ್ಲಿ ಅಲ್ಲಲ್ಲಿ ಖಾಲಿ ಜಾಗ, ಮಾರ್ಚಿನಲ್ಲಿ ಆ ಕಂಬ ಬಹುತೇಕ ಖಾಲಿ. ಬೆಳಗಿನ ಅಳತೆಗೆ ಸೆಲ್ ಉಳಿಯಲೆಂದು ರಾತ್ರಿಯದನ್ನು ಬಿಟ್ಟಿದ್ದರು.

ಚಾರ್ಜರನ್ನು ತಂದುಕೊಡಿ ಎಂದು ಬೇಡಿಕೊಂಡೆ. ಮರುದಿನ ತಂದರು.

ಆ ವಾರ ನಾನು ಕಲಿತದ್ದನ್ನು ಹೇಳುತ್ತೇನೆ. ಮೊದಲು ನಮ್ಮ ದಾಸ್ತಾನಿನ ಒಂದು ಹೊಸ ಸೆಟ್ಟನ್ನು ತೆರೆದು ಸೆಲ್ಲುಗಳನ್ನು ಹಾಕಿ ಕುಳಿತೆ. ಎರಡನೆಯ ಗಂಟೆಗೆ ಅವು ಬೆಚ್ಚಗಾದವು, ಮೂರನೆಯ ಗಂಟೆಗೆ ಮುಷ್ಟಿಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದವು. ಹಸಿರು ದೀಪ ಮಾತ್ರ ಗಡಿಯಾರದ ಪ್ರಕಾರ ಸರಿಯಾಗಿ ನಾಲ್ಕನೆಯ ಗಂಟೆಗೆ ಹೊತ್ತಿತು. ಅರ್ಧ ತುಂಬಿದ ಸೆಲ್ಲನ್ನು ಹಾಕಿದರೂ ನಾಲ್ಕು ಗಂಟೆ, ಖಾಲಿಯದನ್ನು ಹಾಕಿದರೂ ನಾಲ್ಕು ಗಂಟೆ. ಅದಕ್ಕೆ ಸೆಲ್ಲಿನ ಸ್ಥಿತಿಯ ಅರಿವೇ ಇಲ್ಲ, ಒಳಗೆ ಒಂದು ಗಡಿಯಾರವಿದೆ, ಅಷ್ಟೇ.

ಅನಂತರ ಒಂದು ಯೋಚನೆ ಹೊಳೆಯಿತು. ಎದುರಿನ ಚಿನಿವಾರರ ತಕ್ಕಡಿಯನ್ನು ಎರವಲು ತಂದೆ. ಹೆಸರಾಂತ ಕಂಪೆನಿಯ, 2000 ಎಂದು ಬರೆದ ಸೆಲ್ಲು 27 ಗ್ರಾಂ ತೂಗಿತು. ನಮ್ಮ 3000ದ ಸೆಲ್ಲು 17 ಗ್ರಾಂ. ಸೆಲ್ ಎಂದರೆ ಲೋಹದ ಡಬ್ಬಿಯೊಳಗೆ ಸುರುಳಿ ಸುತ್ತಿದ ನಿಕಲ್ ಮತ್ತು ಮಿಶ್ರಲೋಹದ ಪಟ್ಟಿಗಳು. ವಿದ್ಯುತ್ತನ್ನು ಹಿಡಿಯುವುದು ಆ ಪದಾರ್ಥವೇ ಹೊರತು ಹೊರಗಿನ ಅಂಕೆಯಲ್ಲ. ಒಳಗೆ ಹತ್ತು ಗ್ರಾಂ ಕಡಿಮೆಯಾದುದು ಹೆಚ್ಚು ಹಿಡಿಯುವುದು ಹೇಗೆ? ನಾಲ್ವತ್ತು ವರ್ಷ ವ್ಯಾಪಾರ ಮಾಡಿದ ನಾನು ಕೊಳ್ಳುವ ದಿನ ಇದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ್ದರೂ ಸಾಕಿತ್ತು.

ಕೊನೆಗೆ ಮೂರು ಸಾವಿರ ರೂಪಾಯಿಯ ಹತ್ತಿರ ತೆತ್ತು ಸೆಲ್ಲನ್ನು ತುಂಬಿಸಿ, ಖಾಲಿ ಮಾಡಿ, ಹಿಡಿದದ್ದೆಷ್ಟು ಎಂದು ಅಂಕೆಯಲ್ಲಿ ತೋರಿಸುವ ಒಂದು ಚಾರ್ಜರನ್ನು ತರಿಸಿದೆ. ನಾಲ್ಕು ಹೊಸ ಸೆಲ್ಲುಗಳು 1080ರಿಂದ 1140ರವರೆಗೆ ತೋರಿಸಿದವು. ಮೇಷ್ಟರವು ಕ್ರಮವಾಗಿ 410, 380, 290. ನಾಲ್ಕನೆಯದನ್ನು ಯಂತ್ರ ಮುಟ್ಟಲೇ ಇಲ್ಲ.

ಈ ಅಂಕೆಯ ಅರ್ಥ ಇಷ್ಟೆ. ಅದರ ಮಾನ ಮಿಲಿಆಂಪಿಯರ್-ಗಂಟೆ. 2000ದ ಸೆಲ್ ಎಂದರೆ 200 ಮಿಲಿಆಂಪಿಯರಿನಂತೆ ಹತ್ತು ಗಂಟೆ, ಅಥವಾ 1000ದಂತೆ ಎರಡು ಗಂಟೆ ವಿದ್ಯುತ್ತನ್ನು ಕೊಡಬಲ್ಲದ್ದು. ತುಂಬಿಸುವಾಗ ಸ್ವಲ್ಪ ಸೋರಿಕೆ ಇರುವುದರಿಂದ ಕೊಟ್ಟದ್ದಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆ. ಆದ್ದರಿಂದಲೇ 200ರ ನಿಧಾನದ ಚಾರ್ಜರಿಗೆ ಹತ್ತು ಗಂಟೆ ಸಾಲದೆ ಹದಿನಾಲ್ಕರಿಂದ ಹದಿನಾರು ಗಂಟೆ ಬೇಕು. ಪ್ರಾಮಾಣಿಕ ತಯಾರಕರ ಪೆನ್ಸಿಲ್ ಸೆಲ್ಲು ಸಾಮಾನ್ಯವಾಗಿ 2000ದ ಆಸುಪಾಸಿನಲ್ಲಿರುತ್ತದೆ, 2500ನ್ನು ಮುಟ್ಟುವ ಕೆಲವೂ ಇವೆ. ಹೆಚ್ಚು ಹಿಡಿಯುವುದೇ ಉತ್ತಮ ಎಂದೂ ತಿಳಿಯಬೇಕಾಗಿಲ್ಲ. ಅದೇ ಡಬ್ಬಿಯಲ್ಲಿ ಹೆಚ್ಚು ತುರುಕಿದಷ್ಟೂ ಆಯುಸ್ಸು ಕಡಿಮೆಯಾಗುತ್ತದೆ. ಎನೆಲೂಪ್ ಸೆಲ್ಲುಗಳಲ್ಲಿಯೇ ಸುಮಾರು 2500ರ ‘ಪ್ರೊ’ ಬಗೆಯನ್ನು 500 ಸಲ ತುಂಬಿಸಬಹುದೆಂದು ಹೇಳಿದ್ದರೆ, ಸುಮಾರು 2000ದ ಸಾದಾ ಬಗೆಯನ್ನು ಅದರ ಹಲವು ಪಟ್ಟು ಸಲ ತುಂಬಿಸಬಹುದೆಂದು ತಯಾರಕರೇ ಹೇಳುತ್ತಾರೆ.

ಈಗ ನಮ್ಮ ಚಾರ್ಜರಿನ ಬೆನ್ನಿನ ಸಣ್ಣ ಅಕ್ಷರವನ್ನು ಓದಿದೆ. ಪ್ರತಿ ಸೆಲ್ಲಿಗೆ 750 ಮಿಲಿಆಂಪಿಯರ್. 3000ವನ್ನು 750ರಿಂದ ಭಾಗಿಸಿದರೆ ನಾಲ್ಕು ಗಂಟೆ! ಸೆಲ್ಲಿನ ಮೈಮೇಲಿದ್ದ ಸುಳ್ಳು ಅಂಕೆಯನ್ನು ನಂಬಿ ಗಡಿಯಾರವನ್ನು ಕಟ್ಟಲಾಗಿತ್ತು. ನಿಜದಲ್ಲಿ 1100 ಮಾತ್ರ ಹಿಡಿಯುವ ಸೆಲ್ಲು ಒಂದೂ ಮುಕ್ಕಾಲು ಗಂಟೆಯೊಳಗೆ ತುಂಬಿಬಿಡುತ್ತದೆ. ಉಳಿದ ಎರಡೂ ಕಾಲು ಗಂಟೆ ತುಂಬಿದ್ದರ ಮೇಲೆ ತುಂಬುವುದು. ತುಂಬಿದ ಸೆಲ್ಲಿಗೆ ಬರುವ ವಿದ್ಯುತ್ತು ಒಳಗೆ ಆಮ್ಲಜನಕವನ್ನು ಹುಟ್ಟಿಸುತ್ತದೆ, ಅದು ಮತ್ತೆ ಒಳಗೇ ಕೂಡಿಕೊಳ್ಳುವಾಗ ಶಾಖವಾಗುತ್ತದೆ. ಒತ್ತಡ ಮಿತಿಮೀರಿದರೆ ಸೆಲ್ಲಿನ ತಲೆಯಲ್ಲಿರುವ ಸೂಕ್ಷ್ಮ ರಂಧ್ರ ತೆರೆದು ಅನಿಲ ಹೊರಹೋಗುತ್ತದೆ, ದ್ರವ ಒಣಗುತ್ತದೆ. ವಾರ ವಾರವೂ ಮೇಷ್ಟರು ಪೆಟ್ಟಿಗೆಯ ಮೇಲೆ ಬರೆದ ಸೂಚನೆಯನ್ನು ಅಕ್ಷರಶಃ ಪಾಲಿಸಿ, ಹಸಿರು ದೀಪ ಬರುವವರೆಗೆ ಕಾದು ಸೆಲ್ಲುಗಳನ್ನು ಬೇಯಿಸುತ್ತಿದ್ದರು. ಅವರ ತಪ್ಪು ಏನೂ ಇರಲಿಲ್ಲ.

ಹಾಗಾದರೆ ವೇಗದ ಚಾರ್ಜರೇ ಕೆಟ್ಟದ್ದೆ? ಅಲ್ಲ. ಇದನ್ನು ತಿಳಿಯಲು ನನಗೆ ನಮ್ಮ ಅವ್ವನ ಕೊಡ ನೆನಪಾಯಿತು. ನಮ್ಮ ಊರಿನಲ್ಲಿ ನಳದ ನೀರು ಎಂಟು ಹತ್ತು ದಿನಗಳಿಗೊಮ್ಮೆ, ಅದೂ ನಸುಕಿನಲ್ಲಿ ಬರುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಅವ್ವ ಕತ್ತಲೆಯಲ್ಲಿ ದೀಪವನ್ನೂ ಹಚ್ಚದೆ ಹಿತ್ತಾಳೆಯ ಕೊಡಗಳನ್ನು ತುಂಬಿಸುತ್ತಿದ್ದಳು, ಒಂದು ತಂಬಿಗೆಯಷ್ಟೂ ಚೆಲ್ಲುತ್ತಿರಲಿಲ್ಲ. ಕೊಡ ಕಂಠಕ್ಕೆ ಬಂದಾಗ ನೀರಿನ ಸದ್ದು ಬದಲಾಗುತ್ತದೆ, ಆ ಸದ್ದಿಗೆ ಅವಳ ಕೈ ನಳದ ಮೇಲೆ ಹೋಗುತ್ತಿತ್ತು. ಒಳ್ಳೆಯ ವೇಗದ ಚಾರ್ಜರು ಮಾಡುವುದೂ ಇದನ್ನೇ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ತುಂಬುತ್ತ ಹೋದಂತೆ ಅದರ ವೋಲ್ಟೇಜು ಮೆಲ್ಲನೆ ಏರುತ್ತದೆ. ಪೂರ್ತಿ ತುಂಬಿದ ಕೂಡಲೆ ಐದು ಮಿಲಿವೋಲ್ಟಿನಷ್ಟು, ಅಂದರೆ ಒಂದು ವೋಲ್ಟಿನ ಇನ್ನೂರನೆಯ ಒಂದಂಶದಷ್ಟು, ಕೆಳಗಿಳಿಯುತ್ತದೆ. ಜಾಣ ಚಾರ್ಜರಿನ ಒಳಗಿನ ಚಿಪ್ಪು ಈ ಇಳಿತವನ್ನು ಕಾದಿದ್ದು ಥಟ್ಟನೆ ನಿಲ್ಲಿಸುತ್ತದೆ. ಅದು ತಪ್ಪಿದರೆ ಸೆಲ್ಲಿನ ಬಿಸಿಯನ್ನು ನೋಡಿ ನಿಲ್ಲಿಸುತ್ತದೆ, ಅದೂ ತಪ್ಪಿದರೆ ಗಡಿಯಾರ. ಹೀಗೆ ಗಡಿಯಾರ ಕಟ್ಟಕಡೆಯ ಕಾವಲುಗಾರನಾಗಿರಬೇಕು. ನಾನು ಮಾರಿದ್ದರಲ್ಲಿ ಅವನೊಬ್ಬನೇ ಇದ್ದ.

ಇಲ್ಲಿ ಒಂದು ವಿಚಿತ್ರವಿದೆ. ನಳದಿಂದ ನೀರು ಹನಿಹನಿಯಾಗಿ ಬೀಳುತ್ತಿದ್ದರೆ ಕೊಡ ತುಂಬಿದ ಸದ್ದು ಕಿವಿಗೆ ತಿಳಿಯುವುದಿಲ್ಲ. ಹಾಗೆಯೇ ವಿದ್ಯುತ್ತು ತೀರ ಕಡಿಮೆಯಿದ್ದರೆ ಆ ಐದು ಮಿಲಿವೋಲ್ಟಿನ ಇಳಿತ ಕಾಣಿಸಿಕೊಳ್ಳುವುದಿಲ್ಲ, ಚಾರ್ಜರು ನಿಲ್ಲಿಸದೆ ಹೋಗಬಹುದು. ಆದ್ದರಿಂದ ಇಳಿತವನ್ನು ನೋಡಿ ನಿಲ್ಲಿಸುವ ಚಾರ್ಜರಿಗೆ ಮಧ್ಯಮ ವೇಗವೇ ಹಿತ. 2000ದ ಸೆಲ್ಲಿಗೆ 1000ದ ಸುಮಾರಿನಲ್ಲಿ ಕೊಟ್ಟರೆ ಎರಡು ಎರಡೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಇನ್ನೊಂದು ತುದಿಯಲ್ಲಿ, 200ರಂತೆ ರಾತ್ರಿಯಿಡೀ ತುಂಬುವ ಹಳೆಯ ಕಾಲದ ಚಾರ್ಜರಿಗೆ ಕಣ್ಣಿಲ್ಲದಿದ್ದರೂ ದೊಡ್ಡ ಅಪಾಯವಿಲ್ಲ. ಎರಡು ಗಂಟೆ ಹೆಚ್ಚಾದರೆ ಆ ಸಣ್ಣ ಶಾಖವನ್ನು ಸೆಲ್ಲು ತಾಳಿಕೊಳ್ಳುತ್ತದೆ, ಮರೆತು ಎರಡು ದಿನ ಬಿಡಬಾರದು ಅಷ್ಟೆ. ಕಣ್ಣೂ ಇಲ್ಲದೆ ವೇಗವೂ ಇರುವುದೇ ಕೇಡಿನದು. 2000ದ ದಶಕದ ಮೊದಲ ವರ್ಷಗಳಲ್ಲಿ ಪರದೇಶಗಳಲ್ಲಿ ಹದಿನೈದೇ ನಿಮಿಷದಲ್ಲಿ ತುಂಬಿಸುವ, ಒಳಗೆ ಫ್ಯಾನು ತಿರುಗುವ ಚಾರ್ಜರುಗಳೂ ಬಂದಿದ್ದವು. ಹದಿನೈದು ನಿಮಿಷದಲ್ಲಿ ಅಂಥ ಆತುರದ ಕೆಲಸ ಮನೆಯಲ್ಲಿ ಏನಿರುತ್ತದೆಯೋ ನನಗೆ ತಿಳಿಯದು. ಇನ್ನೊಂದು ಜೊತೆ ಸೆಲ್ಲುಗಳನ್ನು ತುಂಬಿಸಿ ಇಟ್ಟುಕೊಂಡವನಿಗೆ ಅದರ ಹಂಗಿಲ್ಲ.

ಕೊಳ್ಳುವಾಗ ನೋಡಬೇಕಾದ ಮತ್ತೊಂದು ಸಂಗತಿ ದೀಪಗಳ ಸಂಖ್ಯೆ. ನಾಲ್ಕು ಸೆಲ್ಲುಗಳಿಗೆ ಒಂದೇ ದೀಪ ಅಥವಾ ಎರಡೇ ದೀಪಗಳಿದ್ದರೆ ಒಳಗೆ ಸೆಲ್ಲುಗಳನ್ನು ಜೋಡಿ ಜೋಡಿಯಾಗಿ ಕಟ್ಟಿರುವ ಸಂಭವ ಹೆಚ್ಚು. ಆಗ ಒಂದು ತುಂಬಿ ಇನ್ನೊಂದು ಅರ್ಧವಿದ್ದರೂ ಇಬ್ಬರಿಗೂ ಒಂದೇ ಪಂಕ್ತಿ, ಹೊಟ್ಟೆ ತುಂಬಿದವನಿಗೂ ಬಡಿಸುತ್ತಲೇ ಇರುತ್ತದೆ. ನಾಲ್ಕು ಸೆಲ್ಲಿಗೆ ನಾಲ್ಕು ದೀಪ, ನಾಲ್ಕು ಬೇರೆ ಬೇರೆ ದಾರಿಗಳಿರುವುದನ್ನು ಆರಿಸಬೇಕು. ಟ್ರಿಪಲ್ ಎ ಅಳತೆಯ ಸಣ್ಣ ಸೆಲ್ಲು ಹಿಡಿಯುವುದು ಸುಮಾರು 800 ಮಾತ್ರ. ಅದಕ್ಕೂ ಪೆನ್ಸಿಲ್ ಸೆಲ್ಲಿನ ವೇಗದಲ್ಲೇ ತುಂಬಿಸುವ ಚಾರ್ಜರು ಬೇಡ. ತುಂಬುವಾಗ ಸೆಲ್ಲು ಬೆಚ್ಚಗಾಗುವುದು ಸಹಜ, ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದರೆ ಕೂಡಲೇ ತೆಗೆಯಬೇಕು. ಬೇಸಗೆಯಲ್ಲಿ ತಗಡಿನ ಅಟ್ಟದ ಮೇಲೆ, ಮುಚ್ಚಿದ ಕಪಾಟಿನೊಳಗೆ ಇಟ್ಟು ತುಂಬಿಸುವುದು ಸಲ್ಲದು. ಕೆಲವು ರಕ್ತದೊತ್ತಡದ ಯಂತ್ರಗಳ ಕೈಪಿಡಿಯಲ್ಲಿ ಆಲ್ಕಲೈನ್ ಸೆಲ್ಲನ್ನೇ ಬಳಸಬೇಕೆಂಬ ಸೂಚನೆ ಇರುತ್ತದೆ. ಸಾದಾ ಸೆಲ್ಲಿನದು ಒಂದೂವರೆ ವೋಲ್ಟು, ತುಂಬಿಸುವ ಸೆಲ್ಲಿನದು 1.2 ವೋಲ್ಟು. ಆದ್ದರಿಂದ ಮೊದಲು ಕೈಪಿಡಿಯನ್ನು ಓದುವುದು ಮೇಲು. ಮೇಷ್ಟರ ಯಂತ್ರದ ಕೈಪಿಡಿಯಲ್ಲಿ ಅಂಥ ನಿಷೇಧವಿರಲಿಲ್ಲ. ಅದನ್ನೂ ನಾನು ನೋಡಿದ್ದು ಏಪ್ರಿಲಿನಲ್ಲಿ, ನವೆಂಬರಿನಲ್ಲಿ ಅಲ್ಲ.

ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕೆಂದು ನಾನೂ ಎಷ್ಟೋ ಮಂದಿಗೆ ಹೇಳಿದ್ದೇನೆ. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್ಲುಗಳಿಗೆ ಸಂಬಂಧಿಸಿದ ಮಾತು. ಈಗಿನವಕ್ಕೆ ಬೇಕಿಲ್ಲ, ತೀರ ಬರಿದು ಮಾಡುವುದರಿಂದ ಕೆಡುಕೇ ಹೆಚ್ಚು. ಇನ್ನು ಒಂದೂವರೆ ವೋಲ್ಟಿನ ಲಿಥಿಯಂ ಪೆನ್ಸಿಲ್ ಸೆಲ್ಲುಗಳೂ ಪೇಟೆಗೆ ಬಂದಿವೆ. ಅವನ್ನು ನಿಕಲ್ ಸೆಲ್ಲಿನ ಚಾರ್ಜರಿಗೆ ಎಂದಿಗೂ ಹಾಕಬಾರದು. ಗೋಡೆ ಗಡಿಯಾರಕ್ಕೆ, ಟಿ.ವಿ. ರಿಮೋಟಿಗೆ ಚಾರ್ಜರೇ ಬೇಡ, ಸಾದಾ ಸೆಲ್ಲು ವರ್ಷಗಟ್ಟಲೆ ಬರುತ್ತದೆ. ಕತ್ತಲಾದಾಗ ಬೇಕೆಂದು ಎತ್ತಿಡುವ ಟಾರ್ಚಿಗೆ, 2005ರಲ್ಲಿ ಜಪಾನಿನ ಸಾನ್ಯೊ ಕಂಪೆನಿ ಎನೆಲೂಪ್ ಎಂಬ ಹೆಸರಿನಲ್ಲಿ ಮೊದಲು ತಂದ, ತುಂಬಿದ್ದನ್ನು ತಿಂಗಳುಗಟ್ಟಲೆ ಕಾಪಾಡುವ ಜಾತಿಯ ಸೆಲ್ಲುಗಳೇ ಸರಿ. ಅದಕ್ಕೆ ಮುಂಚಿನವು ಇಟ್ಟಲ್ಲೇ ಬೇಗನೆ ಸೋರಿಹೋಗುತ್ತಿದ್ದವು.

ಮತ್ತೆ ನನ್ನ ವ್ಯವಹಾರಕ್ಕೆ ಬರುತ್ತೇನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂಬ ಎರಡು ನೇರವಾಗಿ ವ್ಯಾಪಾರಿಗೇ ಹೇಳಿದವು. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಮೊದಲನೆಯದು, ಒಳ್ಳೆಯ ಮಾಲಿನ ವೇಷದಲ್ಲಿ ಕೀಳು ಮಾಲನ್ನು ದಾಟಿಸುವುದು ಎರಡನೆಯದು. ಆ ಭಾದ್ರಪದದ ಉಪನ್ಯಾಸದಲ್ಲಿ ಸೇರು, ಪಾವು, ತಕ್ಕಡಿಯ ಕೆಳಗೆ ಅಂಟಿಸಿದ ಮೇಣ ಇತ್ಯಾದಿ ದೃಷ್ಟಾಂತಗಳನ್ನು ಕೊಟ್ಟಿದ್ದೆ. ಎಲ್ಲವೂ ಬೇರೆಯವರ ಅಂಗಡಿಯ ದೃಷ್ಟಾಂತಗಳು. ಮಿಲಿಆಂಪಿಯರ್-ಗಂಟೆಯೂ ಒಂದು ಮಾನವೇ, ಆ 3000 ಎಂಬ ಅಂಕೆ ಸುಳ್ಳು ಸೇರು ಎಂಬುದು ಹೊಳೆದಿರಲಿಲ್ಲ. ಅಂಕೆಯನ್ನು ಬರೆದವನು ನಾನಲ್ಲ ಎಂಬ ಸಮಾಧಾನವನ್ನು ಕೆಲವು ದಿನ ಹೇಳಿಕೊಂಡೆ. ಆದರೆ ಸುಳ್ಳು ಸೇರನ್ನು ಮಾಡಿದವನು ಕಮ್ಮಾರ, ಅದರಿಂದ ಅಳೆದುಕೊಟ್ಟವನು ನಾನು. ತಿಳಿದು ಮಾಡಲಿಲ್ಲ ಎಂಬುದು ನಿಜ. ತಿಳಿಯಲು ಎರಡು ನಿಮಿಷವನ್ನೂ ಕೊಡಲಿಲ್ಲ ಎಂಬುದೂ ನಿಜ. ಅದಕ್ಕೆ ಶಾಸ್ತ್ರದಲ್ಲಿ ಪ್ರಮಾದ ಎಂಬ ಹೆಸರಿದೆ, ಮತ್ತು ಅದು ಕ್ಷಮೆಗೆ ಕಾರಣವೆಂದು ಎಲ್ಲಿಯೂ ಹೇಳಿಲ್ಲ.

ನಾಲ್ವತ್ತರಲ್ಲಿ ಇಪ್ಪತ್ತೊಂಬತ್ತು ಸೆಟ್ಟುಗಳು ಮಾರಿಹೋಗಿದ್ದವು, ಹನ್ನೊಂದು ಉಳಿದಿದ್ದವು. ಸಗಟು ವ್ಯಾಪಾರಿ ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ನನ್ನ ಮಗ ವ್ಯವಹಾರದಲ್ಲಿ ಚತುರ. ಉಳಿದವನ್ನು “ಇದ್ದದ್ದನ್ನು ಇದ್ದ ಹಾಗೆ ಹೇಳಿ” ಇನ್ನೂರಕ್ಕೆ ಮಾರೋಣ ಎಂದ. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಕೊಂಡವನು ಮನೆಯಲ್ಲಿ ಒಳ್ಳೆಯ ಸೆಲ್ಲುಗಳನ್ನು ತಂದು ಅದೇ ಚಾರ್ಜರಿಗೆ ಹಾಕಿದರೆ ಅವೂ ಬೇಯುತ್ತವೆ, ಆ ಹೊತ್ತಿಗೆ ನಾನು ಹೇಳಿದ್ದು ಅವನಿಗೆ ನೆನಪಿರುವುದಿಲ್ಲ. ಎರಡು ದಿನ ತಂದೆ ಮಗನ ನಡುವೆ ಮಾತು ಕಡಿಮೆಯಾಯಿತು. ಮೂರನೆಯ ದಿನ ಹನ್ನೊಂದು ಚಾರ್ಜರುಗಳ ಪಿನ್ನುಗಳನ್ನೂ ನಾನೇ ಇಕ್ಕಳದಿಂದ ಮುರಿದೆ. ಗುಜರಿಯಿಂದ ಎದ್ದು ಮತ್ತೆ ಯಾರದೋ ಮನೆ ಸೇರಬಾರದಲ್ಲ. ಸೆಲ್ಲುಗಳನ್ನು ಕಸಕ್ಕೆ ಹಾಕದೆ ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದೆ. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ಸಣ್ಣ ಸೆಲ್ಲುಗಳಿಗೂ ಅನ್ವಯಿಸುತ್ತವೆ, ಮನೆಯವರೂ ಇವನ್ನು ಬೇರೆ ಕಸದೊಡನೆ ಬೆರೆಸಬಾರದು. ಅಂದಿನಿಂದ ಆ ಡಬ್ಬಿ ಅಂಗಡಿಯ ಬಾಗಿಲಲ್ಲೇ ಇದೆ. ಗಿರಾಕಿಗಳೂ ತಂದು ಹಾಕುತ್ತಾರೆ.

ಮಾರಿಹೋದವುಗಳ ಮಾತೇ ಬೇರೆ. ಉದ್ರಿ ಪುಸ್ತಕದಲ್ಲಿ ಎಂಟು ಹೆಸರುಗಳು ಸಿಕ್ಕವು, ಮೇಷ್ಟರೊಬ್ಬರು ಸೇರಿ ಒಂಬತ್ತು. ಒಬ್ಬೊಬ್ಬರನ್ನೇ ಹುಡುಕಿ 650 ರೂಪಾಯಿ ಹಿಂದಿರುಗಿಸಿದೆ. ಇಬ್ಬರು ಅದನ್ನು ಎಂದೋ ಎಸೆದಿದ್ದರು, ಅವರಿಗೂ ಕೊಟ್ಟೆ. ಒಬ್ಬರು ಹಣವನ್ನು ತೆಗೆದುಕೊಂಡು, ಇದರಲ್ಲಿ ಏನೋ ಹೂಟ ಇರಬೇಕೆಂಬಂತೆ ನನ್ನನ್ನೇ ಸಂಶಯದಿಂದ ನೋಡಿದರು! ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ ಮೇಲೆ ಇನ್ನೂ ಮೂವರು ಬಂದರು. ಹನ್ನೆರಡು ಮಂದಿಗೆ 7,800 ರೂಪಾಯಿ, ಮುರಿದ ದಾಸ್ತಾನು 3,410 ರೂಪಾಯಿ. ಇವನ್ನು ಮಾಲು ವಾಪಸು ಮತ್ತು ದಾಸ್ತಾನು ನಷ್ಟ ಎಂಬ ಖಾತೆಗಳಿಗೆ ಬರೆಯಲು ಬಿ.ಕಾಂ. ಓದಿದವನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಉಳಿದ ಹದಿನೇಳು ಮಂದಿಯದು. ನಗದು ಕೊಟ್ಟು ಕೊಂಡುಹೋದವರು, ಹೆಸರಿಲ್ಲ, ಗುರುತಿಲ್ಲ. ಅವರ ಬಾಬ್ತು 11,050 ರೂಪಾಯಿಯನ್ನು ‘ಕೊಡಬೇಕಾದ ಬಾಕಿ’ ಎಂದು ಬರೆದೆ. ಲೆಕ್ಕ ತಪಾಸಣೆಗೆ ಬಂದವರು ಯಾರಿಗೆ ಕೊಡಬೇಕಾದದ್ದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹೆಸರಿಲ್ಲದ ಸಾಲಗಾರರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಲಾಭಕ್ಕೆ ತಿರುಗಿಸಿಬಿಡಿ ಎಂಬುದು ಅವರ ಸಲಹೆ. ಪ್ರತಿ ಮಾರ್ಚಿನಲ್ಲಿಯೂ ಆ ಪ್ರಶ್ನೆ ಏಳುತ್ತದೆ, ಪ್ರತಿ ಏಪ್ರಿಲಿನಲ್ಲಿಯೂ ಆ ಬಾಕಿ ಹೊಸ ಪುಸ್ತಕದ ಮೊದಲ ಪುಟಕ್ಕೆ ಬರುತ್ತದೆ.

ಮೇಷ್ಟರಿಗೆ ನಾಲ್ಕು ದೀಪಗಳ ಒಂದು ಚಾರ್ಜರನ್ನೂ, 27 ಗ್ರಾಮಿನ ಎಂಟು ಸೆಲ್ಲುಗಳನ್ನೂ ಕೊಟ್ಟೆ. ಹಣ ಬೇಡವೆಂದರೆ ಅವರು ಒಪ್ಪಲಿಲ್ಲ. ಮೊದಲು ಕೊಟ್ಟ 650ನ್ನು ಜಮಾ ಹಿಡಿದು ಉಳಿದದ್ದನ್ನು ಮೂರು ಕಂತಿನಲ್ಲಿ ತೀರಿಸಿದರು. ಪೂರ್ತಿ ವಿಷಯವನ್ನು ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಹಾಕಿದ್ದು ಸರಿಯಿತ್ತು” ಎಂದಷ್ಟೇ ಹೇಳಿದರು. ಆಮೇಲೆ ಒಮ್ಮೆ ನೋಟುಬುಕ್ಕನ್ನು ತಾವಾಗಿಯೇ ತೆರೆದು ತೋರಿಸಿದರು. ರಾತ್ರಿಯ ಕಂಬ ತುಂಬಿತ್ತು. ಫೆಬ್ರುವರಿ ಮಾರ್ಚಿನ ಪುಟಗಳನ್ನು ಅವರು ತಿರುಗಿಸಲಿಲ್ಲ, ನಾನೂ ಕೇಳಲಿಲ್ಲ.

2022ರ ದೀಪಾವಳಿಯಿಂದ 2023ರ ಯುಗಾದಿಯವರೆಗಿನ ಅವಧಿಯಲ್ಲಿ ಹುಬ್ಬಳ್ಳಿಯ ಒಂದು ಹಳೆಯ ಸೆಲ್ಲಿನ ಅಂಗಡಿಯಲ್ಲಿ, ಗಲ್ಲೆಯ ಪಕ್ಕದಲ್ಲಿ ಬಲ್ಬಿನ ಹಲಗೆ ಇರುವಲ್ಲಿ, ಕಪ್ಪು ಬಣ್ಣದ, ಒಂದೇ ಹಸಿರು ದೀಪದ, ನಾಲ್ಕು ಗಂಟೆಯ ಫಾಸ್ಟ್ ಚಾರ್ಜರನ್ನು ಕೊಂಡವರು ಈ ಪತ್ರಿಕೆಯ ಓದುಗರಲ್ಲಿ ಇದ್ದರೆ, ಅಥವಾ ಅವರ ಬಂಧುಗಳಲ್ಲಿ ಇದ್ದರೆ, ದಯವಿಟ್ಟು ಅದನ್ನು ಇನ್ನು ಬಳಸಬೇಡಿರಿ. ಅಂಗಡಿಯ ಕಡೆಗೆ ಬಂದಾಗ ಹೇಳಿದರೆ ಸಾಕು. ರಸೀತಿ ಬೇಕಾಗಿಲ್ಲ, ಚಾರ್ಜರನ್ನು ಎಸೆದಿದ್ದರೂ ಅಡ್ಡಿಯಿಲ್ಲ.